ಜಾಡಿಯಲ್ಲಿಟ್ಟ ಪುಡಿ

ಗುಯಿಝೌ ಬೆಟ್ಟಗಳ ನಡುವಿನ ನಮ್ಮ ಊರಿಗೆ ನಾನೇ ಡಾಕ್ಟರು, ನಾನೇ ನರ್ಸು, ಬೈಸಿಕೊಳ್ಳುವುದಕ್ಕೂ ನಾನೇ. ಪ್ರತಿ ತಿಂಗಳು ಸರ್ಕಾರದಿಂದ ಪೌಷ್ಟಿಕ ಪುಡಿ ಬರುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ದಿನಕ್ಕೊಂದು ಪೊಟ್ಟಣ. ಸೋಯಾ ಪುಡಿಗೆ ಕಬ್ಬಿಣದಂಶ ಬೆರೆಸಿದ್ದು, ಬಿಸಿನೀರಲ್ಲಿ ಕಲಸಿದರೆ ಹುರಿದ ಕಾಳಿನ ಘಮ. ಅಪ್ಪ ಅಮ್ಮಂದಿರೆಲ್ಲ ದೂರದ ಗುವಾಂಗ್‌ಡಾಂಗ್ ಫ್ಯಾಕ್ಟರಿಗಳಲ್ಲಿ ಇರುವುದರಿಂದ ಅದನ್ನು ಒಯ್ಯಲು ಬರುವವರು ಅಜ್ಜಿಯರು. ಅಜ್ಜಿಯರ ಜೊತೆ ವಾದ ಮಾಡಿ ಗೆದ್ದವರನ್ನು ನಾನಿನ್ನೂ ಕಂಡಿಲ್ಲ.

ಅವರಲ್ಲಿ ಗಟ್ಟಿಗಿತ್ತಿ ಲೊಂಗ್ ಅಜ್ಜಿ. ಮೊಮ್ಮಗ ದೌದೌನನ್ನು ಬೆನ್ನಿಗೆ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಿದ್ದಳು. ಮಗುವಿಗೆ ವರ್ಷ ದಾಟಿದರೂ ಕಾಲೂರುವ ಶಕ್ತಿ ಇರಲಿಲ್ಲ. ಬೆರಳು ಚುಚ್ಚಿದರೆ ನೀರಿನಂಥ ರಕ್ತ.

"ಪುಡಿ ಕೊಡ್ತಿದೀಯೇನಜ್ಜಿ?"

"ಕೊಡದೆ ನಾನೇ ನೆಕ್ಕಿಬಿಡ್ತೀನಾ? ಬಟ್ಟಲು ಸಮೇತ ನುಂಗಕ್ಕೆ ಹೋಗ್ತಾನೆ ಕಳ್ಳ!"

"ದಿನಾ ಒಂದು?"

"ಏ ಡಾಕ್ಟ್ರಮ್ಮ, ನೀನು ಮೂಗು ಸುರಿಸ್ಕೊಂಡು ಓಡಾಡ್ತಿದ್ದಾಗಲೇ ನಾನು ಮಕ್ಕಳನ್ನ ಸಾಕಿದೋಳು. ನಂಗೇ ಹೇಳಿಕೊಡ್ತೀಯಾ?"

ಸಾಲಿನಲ್ಲಿದ್ದ ಅಜ್ಜಿಯರೆಲ್ಲ ನಕ್ಕರು. ನಾನೂ ನಕ್ಕೆ. ಪಟ್ಟಣದ ಆಸ್ಪತ್ರೆಗೆ ತೋರಿಸು ಎಂದರೆ, ಹೊಸ ವರ್ಷಕ್ಕೆ ಸೊಸೆ ಬರಲಿ ಎಂದಳು. ಬಂಡೆಯ ಮೇಲೆ ನೀರು ಹೊಯ್ದಂತಾಯಿತು.

ಚಳಿ ಜೋರಾದಾಗ ಊರಿನ ಮಕ್ಕಳಿಗೆಲ್ಲ ಕೆಮ್ಮು ಬಂತು. ಬೇರೆಯವು ಕೆಮ್ಮಿ ಕೆಮ್ಮಿ ಎದ್ದು ಕೂತವು. ದೌದೌಗೆ ಏಳುವುದಕ್ಕೆ ಮೈಯಲ್ಲಿ ಏನೂ ಉಳಿದಿರಲಿಲ್ಲ. ಆಸ್ಪತ್ರೆಯ ದಾರಿಯಲ್ಲಿ ನನ್ನ ತೊಡೆಯ ಮೇಲೆಯೇ ಹೋದ.

ನಮ್ಮಲ್ಲಿ ಎಳೆಗೂಸು ಸತ್ತರೆ ಗೋರಿ ಮಾಡುವುದಿಲ್ಲ, ಎಡೆ ಇಡುವುದಿಲ್ಲ. ದಾಯಾದಿಯೊಬ್ಬ ಚಾಪೆಯಲ್ಲಿ ಸುತ್ತಿಕೊಂಡು ಬೆಟ್ಟಕ್ಕೆ ಹೋಗಿ ಬಂದ. ಜಾಗ ಯಾರಿಗೂ ಹೇಳಲಿಲ್ಲ.

ಅಜ್ಜಿಯ ಮಗನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ಸೊಸೆ ಲಿಯಾನ್ ಒಬ್ಬಳೇ ಬಂದಳು. ನಾನು ಅಜ್ಜಿಯ ಮನೆಯಲ್ಲೇ ಇದ್ದೆ. ಹೆಗಲ ಚೀಲ ಇಳಿಸದೆ ಕೇಳಿದಳು: "ಅತ್ತೆ, ಎಲ್ಲಿಟ್ರಿ ಅವನನ್ನ?"

ಅಜ್ಜಿ ಒಳಗೆ ಹೋಗಿ ಉಪ್ಪಿನಕಾಯಿ ಜಾಡಿ ತಂದು ಹೊಸ್ತಿಲ ಬಳಿ ಬೋರಲು ಹಾಕಿದಳು. ನಾನು ಕೊಟ್ಟ ಪೊಟ್ಟಣಗಳು ರಾಶಿ ಬಿದ್ದವು. ಒಂದೂ ಒಡೆದಿರಲಿಲ್ಲ.

"ಏನಜ್ಜಿ ಇದು!" ನಾನು ಕಿರುಚಿಬಿಟ್ಟೆ. "ಕೊಡ್ತೀನಿ ಅಂದ್ಯಲ್ಲ!"

"ಕೊಟ್ಟೆ. ವಾರಕ್ಕೊಂದು. ಮಿಕ್ಕ ದಿನ ಗಂಜಿ ಕುಡಿಸ್ದೆ." ಅವಳ ದನಿ ಸಣ್ಣಗಾಯಿತು. "ನಾನು ಚಿಕ್ಕೋಳಿದ್ದಾಗ ಸರ್ಕಾರದೋರು ಊರಿಗೆಲ್ಲ ಒಂದೇ ಅಡುಗೆಮನೆ ಮಾಡಿದ್ರು. ಬನ್ನಿ, ಹೊಟ್ಟೆ ಬಿರಿಯೋ ಹಾಗೆ ತಿನ್ನಿ, ಪುಕ್ಕಟೆ ಅಂದ್ರು. ಉಕ್ಕು ಮಾಡ್ತೀವಿ ಅಂದ್ರು, ಮನೆ ಬಾಣಲೆನೂ ಕರಗಿಸಕ್ಕೆ ಕೊಟ್ವಿ. ತಿಂದ್ವಿ, ಒಂದು ಕಾಳೂ ಎತ್ತಿಡ್ಲಿಲ್ಲ. ಆಮೇಲೆ ಒಲೆ ಆರಿಹೋಯ್ತು. ನನ್ನ ತಮ್ಮ ಗಂಜಿ ಗಂಜಿ ಅಂತ ನನ್ನ ಬೆನ್ನ ಮೇಲೇ ಸತ್ತ. ಸರ್ಕಾರದ ಊಟ ನಿಲ್ಲುತ್ತೆ ಡಾಕ್ಟ್ರಮ್ಮ. ನಿಂತಾಗ ಇವನಿಗಿರಲಿ ಅಂತ ಎತ್ತಿಟ್ಟೆ."

ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ ಎಂದು ನಾವು ನಗುತ್ತೇವೆ. ಈ ಮುದುಕಿ ಊದುತ್ತಲೇ ಕೂತಳು, ಮಗು ಹೋಯಿತು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಅತ್ತುಬಿಟ್ಟೆ.

ಲಿಯಾನ್ ಅಳಲಿಲ್ಲ. ಒಂದು ಪೊಟ್ಟಣ ಎತ್ತಿಕೊಂಡು ಒಳಗೆ ಹೋಗಿ, ಮಗುವಿನ ಬಟ್ಟಲಿನಲ್ಲಿ ಬಿಸಿನೀರು ಹಾಕಿ ಕಲಸಿ ಅಂಗಳಕ್ಕೆ ತಂದಳು. ಬೆಟ್ಟದ ಕಡೆ ತಿರುಗಿದಳು. ಎಲ್ಲಿ ಇಡಬೇಕು ಅದನ್ನು? ಆ ಇಳಿಜಾರು ನೋಡಿದಳು, ಈ ಇಳಿಜಾರು ನೋಡಿದಳು. ಬಟ್ಟಲು ತಣ್ಣಗಾಗುವವರೆಗೂ ಹಿಡಿದುಕೊಂಡೇ ನಿಂತಿದ್ದಳು.

ಅಜ್ಜಿ ನನ್ನ ತೋಳು ಜಗ್ಗಿದಳು.

"ಈ ತಿಂಗಳೂ ಬಂತಾ ಪುಡಿ?"

"ಬಂತು."

"ಅವನ ಪಾಲೂ?"

ಸುಳ್ಳು ಹೇಳಬಹುದಿತ್ತು. ದೌದೌನ ಹೆಸರು ಬರೆದ ಡಬ್ಬಿ ಬೆಳಿಗ್ಗೆಯೇ ನನ್ನ ಕೋಣೆಗೆ ಬಂದಿತ್ತು.

"ಬಂದಿದೆ ಅಜ್ಜಿ."

"ಹಾಗಾದ್ರೆ ನಿಲ್ಲಲಿಲ್ಲ," ಎಂದಳು. ಹೊಸ್ತಿಲ ಮೇಲೆ ಕುಸಿದು ಕೂತು, ಚೆಲ್ಲಿದ್ದ ಪೊಟ್ಟಣಗಳನ್ನು ಒಂದೊಂದಾಗಿ ಆರಿಸಿ ಮತ್ತೆ ಜಾಡಿಗೆ ತುಂಬತೊಡಗಿದಳು.