ಮಂಜುಗಡ್ಡೆ ಮತ್ತು ಉಣ್ಣೆಯ ಕೋಟು

ತೊಳೆದು ಬೋರಲು ಹಾಕಿದ ಲೋಟವನ್ನೂ ಬೆಳಕಿಗೆ ಹಿಡಿದು, ಒಳಗೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಅದಕ್ಕೆ ನೀರು ಬಗ್ಗಿಸಿಕೊಳ್ಳುವ ಹೆಂಗಸು ಅವಳು. ಮದುವೆಯಾದ ಹೊಸತರಲ್ಲಿ ಅತ್ತೆ ಇದನ್ನು ತಮ್ಮ ಕೈಕೆಲಸಕ್ಕಾದ ಅವಮಾನವೆಂದು ತಿಳಿದು ಮುಖ ಊದಿಸಿಕೊಂಡಿದ್ದರು. "ಅದು ಅವಳ ಕಸುಬಿನ ಗೀಳು ಕಣಮ್ಮ" ಎಂದು ತಾಯಿಯನ್ನು ಸಮಾಧಾನಪಡಿಸಿದ ಗಂಡ, ವೃತ್ತಿಯಲ್ಲಿ ದರ್ಜಿ, ಕ್ರಮೇಣ ಆ ಗೀಳಿಗೆ ತಾನೂ ಒಗ್ಗಿಹೋದ.

ಕಸುಬೆಂದರೆ ಭೂರಸಾಯನ. ಯುಗಯುಗಗಳ ಹಿಂದೆ ಹೆಪ್ಪುಗಟ್ಟಿದ ಮಂಜುಗಡ್ಡೆಯನ್ನು ಶೀತಕೋಣೆಯಲ್ಲಿ ಕೊಯ್ದು, ಕರಗಿಸಿ, ಅಂದಿನ ಗಾಳಿ ಎಷ್ಟು ಬೆಚ್ಚಗಿತ್ತು, ಆ ಕತ್ತಲಲ್ಲಿ ಜೀವದ ಕುರುಹೇನಾದರೂ ಉಳಿದಿದೆಯೇ ಎಂದು ಹುಡುಕುವುದು. ಇಲ್ಲಿ ಉಳಿದಿದ್ದರೆ, ಸೂರ್ಯನಿಂದ ಬಹುದೂರದಲ್ಲಿ ಮಂಜು ಹೊದ್ದು ಸುತ್ತುವ ಉಪಗ್ರಹಗಳಲ್ಲೂ ಉಳಿದಿರಬಹುದೆಂಬುದು ಅವಳ ಆಸೆ. ಹೊರಗಿನದೇನೂ ಬೆರೆತಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಪ್ರತಿ ಪರೀಕ್ಷೆಗೂ ಮೊದಲು ಖಾಲಿ ನಳಿಕೆಯೊಂದನ್ನು ಯಂತ್ರಕ್ಕಿಟ್ಟು ನೋಡುವಳು. "ಮೇಡಂ ಇವತ್ತೂ ಏನೂ ಇಲ್ದಿರೋದನ್ನ ಅಳೀತಿದಾರೆ" ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಶೀತಕೋಣೆಯಲ್ಲಿ ಮೈಮೇಲೆ ಸದಾ ಅದೇ ದಪ್ಪ ಉಣ್ಣೆಯ ಕೋಟು, ಗಂಡನೇ ಹೊಲಿದದ್ದು. ವರ್ಷಗಳು ಕಳೆದಂತೆ, ಮೇಲೆ ಬಿಳಿ ನಿಲುವಂಗಿ ತೊಟ್ಟರೂ ಅದರ ಸವೆದ ತೋಳಂಚು ಎಳೆ ಎಳೆಯಾಗಿ ಹೊರಗೆ ಇಣುಕತೊಡಗಿತು. ಹೊಸದು ಹೊಲಿಯುತ್ತೇನೆಂದು ಅವನೆಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿವೃತ್ತಿ ಹತ್ತಿರವಾದಾಗ ಆ ಕುರುಹು ಸಿಕ್ಕೇಬಿಟ್ಟಿತು. ಖಾಲಿ ನಳಿಕೆ ಶುದ್ಧ, ಮಂಜುಗಡ್ಡೆಯಲ್ಲಿ ಪ್ರೋಟೀನಿನ ತುಣುಕು! ಸಂಸ್ಥೆಗೆ ಸಂಸ್ಥೆಯೇ ಕುಣಿಯಿತು, ಸುದ್ದಿ ಪ್ರಕಟಿಸಲು ದಿನ ಗೊತ್ತಾಯಿತು. ಜೀವಮಾನವಿಡೀ ಇಲ್ಲ ಇಲ್ಲ ಎಂದೇ ಬರೆದವಳಿಗೆ ಒಮ್ಮೆಯಾದರೂ ಇದೆ ಎನ್ನುವ ಭಾಗ್ಯ ಬಂತಲ್ಲ ಎಂದು ದರ್ಜಿಯ ಕಣ್ಣು ತುಂಬಿತು. ಅವಳು ಮಾತ್ರ ಕೋಟನ್ನೂ ಕಳಚದೆ ಊಟಕ್ಕೆ ಕೂತು, ತೋಳಂಚಿನ ಎಳೆಯೊಂದನ್ನು ಬೆರಳಲ್ಲಿ ಹೊಸೆಯುತ್ತಿದ್ದಳು.

"ಖಾಲಿ ನಳಿಕೆ ಯಂತ್ರದ ಪಕ್ಕದಲ್ಲೇ ಇತ್ತು ಕಣ್ರೀ. ನನ್ನ ಜೊತೆ ಶೀತಕೋಣೆಗೆ ಬಂದೇ ಇರ್ಲಿಲ್ಲ" ಎಂದಳು.

ಮರುದಿನ ಶುದ್ಧ ನೀರಿನ ಗಡ್ಡೆಯೊಂದನ್ನು ಅದೇ ಕೋಟು ತೊಟ್ಟು ಕೊಯ್ದಳು. ಅದೇ ಕುರುಹು ಬಂತು. ಕೋಟು ಕಳಚಿ, ಗಡಗಡ ನಡುಗುತ್ತ, ಹಳೆಯ ಮಂಜುಗಡ್ಡೆಯನ್ನು ಮತ್ತೆ ಕೊಯ್ದಳು, ಏನೂ ಇರಲಿಲ್ಲ. ಸದ್ಯಕ್ಕೆ ಬಾಯಿ ಬಿಡಬೇಡಿ ಎಂದು ನಿರ್ದೇಶಕರು ಗೋಗರೆದರಂತೆ. "ಜೀವ ಸಿಕ್ಕಿರೋದು ನಿಜಾನೇ ಸರ್. ಆದ್ರೆ ಅದು ಕುರೀದು" ಎಂದು ಹೇಳಿ, ಪ್ರಕಟಣೆಯನ್ನು ತಾನೇ ಹಿಂಪಡೆದು ಮನೆಗೆ ಬಂದಳು.

ಬಂದವಳು ಕೋಟನ್ನು ಹೊಲಿಗೆಯಂತ್ರದ ಮೇಲಿಟ್ಟು ಅತ್ತಳು. ದರ್ಜಿ ಅದನ್ನೆತ್ತಿ ಪಕ್ಕಕ್ಕಿಟ್ಟ. "ಈ ಹಾಳು ಕೋಟು ಯಾಕಾದ್ರೂ ಹೊಲಿದೆನೋ" ಎಂದ.

"ಬೆಚ್ಚಗಿತ್ತಲ್ಲ" ಎಂದಳು, ಕಣ್ಣೊರೆಸಿಕೊಳ್ಳುತ್ತ.

ಅವನು ಎಳೆ ಬಿಡದ ನುಣುಪು ಬಟ್ಟೆಯಲ್ಲಿ ಹೊಸ ಕೋಟು ಹೊಲಿದುಕೊಟ್ಟ. ಅವಳು ತೊಡುವ ಮೊದಲು ಅದರದೊಂದು ಚೂರನ್ನು ಕತ್ತರಿಸಿ ಪರೀಕ್ಷೆಗೆ ಒಯ್ದಳು. ಇಂಥವರೊಡನೆ ಸಂಸಾರ ಮಾಡುವುದು ಸುಲಭವಲ್ಲ. ಹೊಸದನ್ನು ಕಂಡವರ ಹೆಸರು ಉಳಿಯುತ್ತದೆ. ಕೈಗೆ ಬಂದದ್ದನ್ನು ಸುಳ್ಳೆಂದು ತಾವೇ ಬಿಟ್ಟುಕೊಟ್ಟವರ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಆದರೆ ಆ ದೂರದ ಮಂಜಿನೊಳಗೆ ಜೀವ ಇದೆ ಎಂದು ಎಂದಾದರೊಂದು ದಿನ ಯಾರಾದರೂ ಹೇಳಿದರೆ, ನಾವು ಅದನ್ನು ನಂಬುವುದು, ಇಲ್ಲ ಎನ್ನಲು ಹಿಂಜರಿಯದ ಇಂಥ ಕೆಲವರು ಮೊದಲೇ ಆಗಿಹೋಗಿದ್ದಾರೆಂಬ ಧೈರ್ಯದಿಂದಲೇ.