ಎರಡು ಸಾವಿರದ ಐನೂರ ಇಪ್ಪತ್ತು

ಒಂದು ಹಲಸಿನ ಮರದ ಪಾಲಿಗಾಗಿ ಚಿಕ್ಕಪ್ಪ ಮಚ್ಚು ಬೀಸಿದಾಗ ಚಲುವಯ್ಯನ ಅಪ್ಪನ ಬಲಗೈ ತುಂಡಾಗಿ ಕಣದ ಮಣ್ಣಿಗೆ ಬಿದ್ದಿತ್ತು. ಅದನ್ನು ಕಣ್ಣಾರೆ ಕಂಡವನು ಪಾಲು ಎಂಬ ಮಾತು ಕೇಳಿದರೇ ಎದ್ದು ಹೋಗುತ್ತಿದ್ದ. ಮದುವೆಯಾದ ಮೇಲೆ ವೀರನಹೊಸಹಳ್ಳಿಯ ಹೊಲಕ್ಕೆ ತೇಗ ಹಾಕಲು ಹೊರಟಾಗ ಲೆಕ್ಕದ ಮೇಷ್ಟರನ್ನು ಕೇಳಿಯೇ ಸಸಿ ಎಣಿಸಿದ. ಎರಡು ಸಾವಿರದ ಐನೂರ ಇಪ್ಪತ್ತು. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯದ ಸಂಖ್ಯೆಗಳಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು.

"ಅತ್ತು ಮಕ್ಳಾಗ್ಲಿ ಕಣ್ಲಾ, ಒಬ್ಬನಿಗೂ ಒಂದ್ ಮರ ಎಚ್ಚುಕಮ್ಮಿ ಆಗಾಕಿಲ್ಲ" ಎಂದು ಊರಿಗೆಲ್ಲ ಸಾರಿದ. ಆದದ್ದು ಮೂವರೇ: ನಟರಾಜು, ರುದ್ರಸ್ವಾಮಿ, ಮಹೇಶ್ಕುಮಾರ್. ಒಣಗಿದ ಸಸಿಯ ಗುಂಡಿಗೆ ಮರುವರ್ಷವೇ ಬೇರೆ ಸಸಿ ಇಟ್ಟು ಸಂಖ್ಯೆಯನ್ನು ಕಾಪಾಡಿದ. ದೇವರಿಗೂ ಅಷ್ಟು ನಡೆದುಕೊಂಡವನಲ್ಲ, ಪುಣ್ಯಾತ್ಮ. ಮಕ್ಕಳು ಹುಟ್ಟಿದಾಗಿನಿಂದ ಹಾವು ಮುಂಗುಸಿ. ಅದು ಅವನ ಕಣ್ಣಿಗೆ ಬೀಳಲೇ ಇಲ್ಲ.

ಪಾಲು ಮಾಡುವ ವಾರ ಕಾಡಿನಿಂದ ಬಂದ ಸಲಗವೊಂದು ಒಂದು ಮರವನ್ನು ಬುಡಸಮೇತ ಕೆಡವಿ ಹೋಯಿತು. ಇಬ್ಬರಿಗೆ ಎಂಟುನೂರ ನಲವತ್ತು ಬಂದರೆ ಮೂರನೆಯವನಿಗೆ ಒಂದು ಕಡಿಮೆ.

"ಆನೆ ಕೆಡವಿದ್ದು ನಿನ್ ಸಾಲಲ್ಲಿ ಕಣಣ್ಣ. ಲುಕ್ಸಾನು ನಿಂದೇ" ಎಂದ ಕಿರಿಯವನಾದ ಮಹೇಶ.

"ಕಾಡಂಚಿನ್ ಸಾಲ್ನ ನನ್ ತಲೆಗ್ ಕಟ್ದೋನು ನೀನೇ ಅಲ್ವೇನ್ಲಾ, ಬೋಳಿಮಗ್ನೆ!" ಎಂದು ಹಿರಿಯವನಾದ ನಟರಾಜು ಕೊಡಲಿಗೆ ಕೈ ಹಾಕಿದ.

ಚಲುವಯ್ಯ ಓಡಿಬಂದ. "ಬುಡ್ರಲಾ, ಇನ್ನೆರಡ್ ಮರ ಕಡುದ್ಬುಡಾನ! ಎಲ್ರಿಗೂ ಎಂಟ್ನೂರಾ ಮೂವತ್ತೊಂಬತ್ತು!" ಎಂದು ಕೂಗಿದ. ಕೇಳುವವರು ಯಾರು? ಕೊಡಲಿ ಮಹೇಶನ ಪಕ್ಕೆಗೆ ಇಳಿಯಿತು, ಮೂಳೆ ಲಟಕ್ಕೆಂದಿತು. ಮಹೇಶ ಬೀಳುತ್ತಲೇ ಮಚ್ಚು ಬೀಸಿದ. ಅಣ್ಣನ ಕತ್ತಿನಿಂದ ರಕ್ತ ಚಿಮ್ಮಿ ಅಪ್ಪನ ಮುಖಕ್ಕೆ, ಬಾಯಿಗೆ ಬಿತ್ತು. ನಡುವೆ ನುಗ್ಗಿದ ರುದ್ರಸ್ವಾಮಿಯ ಎರಡು ಬೆರಳು ಹೋದವು. ನಟರಾಜು ಅಲ್ಲೇ ಸತ್ತ. ಮಹೇಶ ಹುಣಸೂರು ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಕಣ್ಣು ಮುಚ್ಚಿದ.

ಮಾರನೆಯ ಸಂಜೆ ಹೆಣಗಳು ಹೊಲಕ್ಕೆ ಬಂದಾಗ ಚಲುವಯ್ಯ ಯಾರಿಗೂ ಹೇಳದೆ ಕೊಡಲಿ ಹಿಡಿದು ಒಂದು ತೇಗ ಉರುಳಿಸಿದ್ದ, ಎರಡನೆಯದರ ಬುಡದಲ್ಲಿದ್ದ. ಅಂಗೈಯ ಚರ್ಮ ಕಿತ್ತು ಹಿಡಿಯೆಲ್ಲ ಕೆಂಪಾಗಿತ್ತು.

"ಅಸಿ ಮರ ಉರಿಯಾಕಿಲ್ಲ ಕಣಪ್ಪೋ, ಸೌದೆ ತರ್ಸಿವ್ನಿ, ಬುಡು" ಎಂದು ಬ್ಯಾಂಡೇಜಿನ ಕೈಯಲ್ಲಿ ತಡೆಯಲು ಬಂದ ರುದ್ರಸ್ವಾಮಿ.

ಎರಡನೆಯದೂ ನೆಲಕ್ಕೆ ಬಿತ್ತು. ಚಲುವಯ್ಯ ಬೆವರು ಒರೆಸಿಕೊಂಡು ಮಗನನ್ನು ಸಮಾಧಾನದಿಂದ ನೋಡಿದ.

"ಈಗ ಸರೋಯ್ತು ಕಣ್ಲಾ. ಮೂರು ಪಾಲೂ ಸಮ. ಓಗು, ನಿನ್ನಣ್ಣನ್ನೂ ತಮ್ಮನ್ನೂ ಕರ್ಕೊಂಡ್ ಬಾ."