ಬಲಗಡೆಯ ಹೂ

ನಿಂಬೆಹಣ್ಣನ್ನು ಕಾರಿನ ಮುಂದಿನ ಎಡಚಕ್ರದ ಕೆಳಗಿಡಲು ಬಗ್ಗಿದ ಪಿಳ್ಳಣ್ಣನ ಕೈ ಅಲ್ಲೇ ನಿಂತಿತು. ಚಕ್ರದ ಮೇಲಿನ ತಗಡಿಗೆ ಹೊಸದಾಗಿ ಬಣ್ಣ ಹೊಡೆಸಿದ್ದರು. ಬಿಳಿಯ ಮೇಲೆ ಬಿಳಿಯೇ, ಆದರೂ ಒಂದು ಗೇಣು ಜಾಗ ಹಾಲಿನ ಮೇಲಿನ ಕೆನೆಯ ಹಾಗೆ ಬೇರೆಯಾಗಿ ಕಾಣುತ್ತಿತ್ತು. ಅವನು ಎದ್ದು, ಹಿಂದಿನ ಚಕ್ರಕ್ಕೆ ಹಣ್ಣಿಡುವ ನೆಪದಲ್ಲಿ ಕಾರಿನ ಹಿಂದಕ್ಕೆ ಹೋದ. ಗಾಜಿನ ಮೇಲೆ ಕೆಂಪಕ್ಷರದಲ್ಲಿ 'ಅಮ್ಮನ ಆಶೀರ್ವಾದ' ಎಂದಿತ್ತು. ಕೊನೆಯ ಅಕ್ಷರ ಅರ್ಧ ಕಿತ್ತುಹೋಗಿತ್ತು.

ಆ ಅರ್ಧ ಅಕ್ಷರವನ್ನು ಪಿಳ್ಳಣ್ಣ ಚರಂಡಿಯಲ್ಲಿ ಬಿದ್ದುಕೊಂಡು ನೋಡಿದ್ದ.

ಶಿವರಾತ್ರಿ ಕಳೆದ ಮೇಲಿನ ಒಂದು ಬೆಳಗ್ಗೆ ಅದು. ದಿನದಂತೆ ಊರಿನಿಂದ ಸೈಕಲ್ ತುಳಿದುಕೊಂಡು ತೂಬಗೆರೆ ರಸ್ತೆಯ ಪಕ್ಕದ ಈ ಮುನೇಶ್ವರನ ಗುಡಿಗೆ ಬರುತ್ತಿದ್ದ. ಮುಂದೆ ಹೂವಿನ ಬುಟ್ಟಿ, ಹಿಂದೆ ಕ್ಯಾರಿಯರ್ ಮೇಲೆ ದೇವರಿಗೆ ಹಾಕುವ ನೀರಿನ ಬಿಂದಿಗೆ. ಅವನ ಅಪ್ಪನೂ ಹೀಗೆಯೇ ಬರುತ್ತಿದ್ದ. ಆದರೆ ಅಪ್ಪನ ಕಾಲಕ್ಕೆ ಈ ರಸ್ತೆಯಲ್ಲಿ ಎತ್ತಿನ ಗಾಡಿಗಳಿದ್ದವು; ಈಗ ಜಲ್ಲಿ ತುಂಬಿದ ಟಿಪ್ಪರುಗಳು, ಬೆಟ್ಟಕ್ಕೆ ಹೋಗುವ ಕಾರುಗಳು. ಅಂದು ಹಿಂದಿನಿಂದ ಒಂದು ಹಾರನ್ ಕೇಳಿಸಿತು, ಸೊಂಟಕ್ಕೆ ಏನೋ ತಾಗಿತು, ಅಷ್ಟೇ. ಕಣ್ಣು ಬಿಟ್ಟಾಗ ಸೈಕಲ್ಲು ಮೇಲಿತ್ತು, ಅವನು ಕೆಳಗಿದ್ದ. ಕಾರು ತುಸು ದೂರ ಹೋಗಿ ನಿಧಾನವಾಯಿತು. ಹಿಂದಿನ ಎರಡೂ ದೀಪ ಕೆಂಪಗೆ ಹತ್ತಿದವು. ನಿಲ್ಲಿಸುತ್ತಾನೆ ಅಂದುಕೊಂಡ. ದೀಪ ಆರಿತು, ಕಾರು ಹೊರಟುಹೋಯಿತು.

ಎಡಗೈಯ ಮಣಿಕಟ್ಟು ಮುರಿದಿತ್ತು. ಕಟ್ಟು ಕಟ್ಟಿಸಿದ್ದಾಯಿತು, ಮೂಳೆ ಸೊಟ್ಟಗೆ ಕೂಡಿತು. ಬಲಗೈಯಲ್ಲಿ ಆರತಿ ಎತ್ತಿದರೆ ಎಡಗೈಯಲ್ಲಿ ಗಂಟೆ ಹಿಡಿಯಲಾಗದು. ಅಂದಿನಿಂದ ಮುನೇಶ್ವರನಿಗೆ ಮೂಕ ಮಂಗಳಾರತಿ. ಊರವರು ಅರಳಿಕಟ್ಟೆಯಲ್ಲಿ ಕೂತು ನಕ್ಕಿದ್ದರು. "ಏನ್ ಪಿಳ್ಳಣ್ಣ, ಊರೋರ ಗಾಡಿಗೆಲ್ಲ ತಡೆ ಒಡೀತೀಯ, ನಿನ್ ಸೈಕಲ್ಲಿಗೆ ಒಡ್ಕೊಳೋದು ಮರೆತ್ಬಿಟ್ಯಾ?"

ಈಗ ಅದೇ ಕಾರು, ಹಿಡಿದ ಪೀಡೆ ಕಳೆಯಲೆಂದು ತಡೆ ಒಡೆಸಿಕೊಳ್ಳಲು ಅವನ ಮುಂದೆಯೇ ಬಂದು ನಿಂತಿತ್ತು.

ಕಾರಿನವನು ಶಶಿಕುಮಾರ್, ದೊಡ್ಡಬಳ್ಳಾಪುರದ ನೇಕಾರರ ಮನೆಯವನು, ಮೂವತ್ತೈದರ ಆಸುಪಾಸು. ಬಾಗಿಲಿಗೆ ಒರಗಿ ಮೊಬೈಲು ನೋಡುತ್ತಿದ್ದ. ಮಾತೆಲ್ಲ ಅವನ ತಾಯಿ ನಾರಾಯಣಮ್ಮನದೇ.

"ಈ ಕಾರಿಗೆ ಅದೇನೋ ತಾಗಿದ್ಮೇಲೆ ಮನೇಲಿ ಒಂದೂ ನೆಟ್ಗಾಗ್ತಿಲ್ಲ ಪೂಜಾರಪ್ಪ. ಮಗ್ಗದ ಮೋಟ್ರು ಸುಟ್ಟೋಯ್ತು. ಮದ್ವೆಗೆ ಅಂತ ನೇಯ್ದು ಕಳಿಸಿದ ಸೀರೆ ಅಷ್ಟೂ ವಾಪಸ್ ಬಂತು. ಸೊಸೆ ಮುನಿಸ್ಕೊಂಡು ತೌರಲ್ಲಿ ಕೂತವ್ಳೆ."

"ಏನು ತಾಗಿದ್ದು ತಾಯಿ?"

"ನಾಯಿ ಕಣ್ರೀ," ಎಂದ ಶಶಿಕುಮಾರ್, ಮೊಬೈಲಿನಿಂದ ತಲೆಯೆತ್ತದೆ. "ಇದೇ ರೋಡಲ್ಲಿ ಅಡ್ಡ ಬಂತು."

"ಇಳಿದು ನೋಡಿದ್ರಾ?"

"ನಾಯಿಗೆಲ್ಲ ಇಳೀತಾ ಕೂತ್ರೆ ಊರು ಸೇರ್ದಂಗೇ."

ಪಿಳ್ಳಣ್ಣನ ಬಲಗೈಯಲ್ಲಿ ಒಡೆಯಬೇಕಾದ ಬೂದುಗುಂಬಳ ಇತ್ತು. ಅದನ್ನು ಎತ್ತಿ ಕಾರಿನ ಮುಂದಿನ ಗಾಜಿಗೆ ಅಪ್ಪಳಿಸುವುದು ಒಂದು ಗಳಿಗೆಯ ಕೆಲಸ. ಆದರೆ ಗಾಜು ಮರುದಿನವೇ ಹೊಸದು ಬರುತ್ತದೆ, ಬಣ್ಣ ಬಂದ ಹಾಗೆ. ಅವನು ಕುಂಬಳವನ್ನು ಮೆಲ್ಲಗೆ ನೆಲಕ್ಕಿಟ್ಟ.

"ಇದು ನಿಂಬೆಹಣ್ಣು, ಕುಂಬಳಕಾಯಲ್ಲಿ ಹೋಗೋ ತಡೆ ಅಲ್ಲ ತಾಯಿ. ಹೂ ಕೇಳಿಬಿಡೋಣ."

ಹೂ ಕೇಳುವುದೆಂದರೆ ಮುನೇಶ್ವರನ ಕಲ್ಲಿನ ಎರಡೂ ಭುಜಕ್ಕೆ ಒದ್ದೆ ಮಾಡಿದ ಕಣಗಿಲೆ ಹೂವನ್ನು ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಎರಡಕ್ಕೂ ಒಂದೇ ನೀರು, ಎರಡಕ್ಕೂ ಒಂದೇ ಒತ್ತು ಎಂದು ಅಪ್ಪ ಹೇಳಿಕೊಟ್ಟಿದ್ದ. ಮನೆ ಕಟ್ಟಬೇಕೋ ಬೇಡವೋ, ಹೆಣ್ಣು ತರಬೇಕೋ ಬೇಡವೋ ಎಂದು ಕೇಳಲು ಬಂದವರಿಗೆ ಪಿಳ್ಳಣ್ಣ ಯಾವತ್ತೂ ಕೈ ಏರುಪೇರು ಮಾಡಿದವನಲ್ಲ. ಅದೊಂದು ನಂಬಿಕೆಯ ಮೇಲೆಯೇ ಸುತ್ತಲಿನ ಊರುಗಳು ಈ ಕಲ್ಲಿನ ಮುಂದೆ ಬಂದು ನಿಲ್ಲುತ್ತಿದ್ದವು.

ಅಂದು ಅವನು ಎಡಗಡೆಯ ಹೂವನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಬಲಗಡೆಯದನ್ನು ಕಲ್ಲಿಗೆ ಸುಮ್ಮನೆ ಮುಟ್ಟಿಸಿದ.

"ಮುನೇಶ್ವರಾ, ಈ ಗಾಡಿ ಓಡ್ಸಿದೋನು ಅಮಾಸೆವರ್ಗೂ ಗಾಡಿ ಮುಟ್ಬಾರ್ದು, ದಿನಾ ಬೆಳಿಗ್ಗೆ ಅವನ ಮನೆಯಿಂದ ಸೈಕಲ್ಲಲ್ಲಿ ಬಿಂದಿಗೆ ನೀರು ತಂದು ನಿನಗೆ ಹಾಕ್ಬೇಕು ಅನ್ನೋದಾದ್ರೆ, ಬಲಗಡೆ ಕೊಡಪ್ಪ."

ಮಾತು ಮುಗಿಯುವಷ್ಟರಲ್ಲಿ ಹೂ ಬಿತ್ತು. ನಾರಾಯಣಮ್ಮ ಕೆನ್ನೆ ಬಡಿದುಕೊಂಡಳು.

"ಸೈಕಲ್ಲಾ?" ಶಶಿಕುಮಾರ್ ಮೊದಲ ಸಲ ಪಿಳ್ಳಣ್ಣನ ಮುಖ ನೋಡಿದ. "ಏನ್ ಗುರು, ತಮಾಷೆನಾ? ಬಳ್ಳಾಪುರದಿಂದ ಇಲ್ಲೀವರೆಗಾ? ಬಸ್ಸಲ್ ಬಂದ್ರೆ ಆಗಲ್ವಾ?"

"ನಾನು ಹೇಳ್ಲಿಲ್ಲ ಸ್ವಾಮಿ. ಅವನು ಹೇಳ್ದ. ಬೇಕಾದ್ರೆ ಅವನ್ನೇ ಕೇಳ್ಕೊಳ್ಳಿ."

"ಬಾಯ್ಮುಚ್ಚೋ," ಎಂದಳು ನಾರಾಯಣಮ್ಮ ಮಗನಿಗೆ. "ಬರ್ತಾನೆ ಪೂಜಾರಪ್ಪ. ನಾನ್ ಕಳಿಸ್ತೀನಿ."

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಅವನು ಬಂದ. ಯಾರದೋ ಹಳೆಯ ಸೈಕಲ್ಲು. ಸೀಟು ತಗ್ಗಾಗಿ ಮೊಣಕಾಲು ಎದೆಗೆ ತಾಗುತ್ತಿತ್ತು. ಟ್ಯೂಬಿನಲ್ಲಿ ಬಿಗಿದ ಬಿಂದಿಗೆ ವಾಲಿ, ಬೆನ್ನೆಲ್ಲ ಒದ್ದೆಯಾಗಿತ್ತು. ಗುಡಿಯ ಮುಂದಿನ ಏರಿನಲ್ಲಿ ಒಂದು ಟಿಪ್ಪರು ಹಾರನ್ ಒತ್ತಿ ಹಿಡಿದೇ ಬಂದು ಅವನನ್ನು ರಸ್ತೆಬದಿಯ ಜಲ್ಲಿಗೆ ಇಳಿಸಿತು. ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಪಿಳ್ಳಣ್ಣ ಅದನ್ನೆಲ್ಲ ಕಣ್ತುಂಬ ನೋಡಿದ.

"ಅರ್ಧ ನೀರು ಚೆಲ್ಲಿದೆಯಲ್ಲ ಸ್ವಾಮಿ. ಮುನೇಶ್ವರಂಗೆ ಅರ್ಧ ಬಿಂದಿಗೇಲಿ ಸ್ನಾನ ಮಾಡಿಸ್ತಾರಾ? ನಾಳೆ ಹುಷಾರಾಗಿ ತನ್ನಿ."

"ಹಿಂದ್ಲಿಂದ ನುಗ್ತಾರೆ ಕಣ್ರೀ. ಜಾಗಾನೇ ಕೊಡಲ್ಲ."

"ಹೌದಾ?" ಎಂದ ಪಿಳ್ಳಣ್ಣ, ಹೊಸ ವಿಷಯ ಕೇಳಿದವನಂತೆ.

ಹೀಗೇ ನಡೆಯಿತು. ಒಂದು ದಿನ ಬಸ್ಸೊಂದು ಗುಂಡಿಯ ಕೆಸರನ್ನು ಅವನ ಬಿಳಿ ಅಂಗಿಗೆ ಎರಚಿತ್ತು. ಇನ್ನೊಂದು ದಿನ ಕಾರಿನ ಹುಡುಗರು ಕಿಟಕಿಯಿಂದ ಕೂಗಿ ಹೆದರಿಸಿದ್ದರು. ಒಮ್ಮೆ ನಿಂತಿದ್ದ ಜೀಪಿನ ಬಾಗಿಲು ತಟಕ್ಕನೆ ತೆರೆದುಕೊಂಡು, ಬೀಳುವುದು ಕೂದಲೆಳೆಯಲ್ಲಿ ತಪ್ಪಿತ್ತು. ಪಿಳ್ಳಣ್ಣ ಪ್ರತಿಯೊಂದನ್ನೂ ಬಿಡಿಸಿ ಬಿಡಿಸಿ ಕೇಳಿದ. ರಾತ್ರಿ ಅದೇ ಮಾತು ನೆನೆಸಿಕೊಂಡರೆ ಮುದ್ದೆ ಇನ್ನೂ ಅರ್ಧ ಹೆಚ್ಚಿಗೆ ಇಳಿಯುತ್ತಿತ್ತು.

ಹೆಂಡತಿ ಅಮ್ಮಯಮ್ಮನಿಗೆ ಸುದ್ದಿ ಗೊತ್ತಾದದ್ದು ತಡವಾಗಿ. ಅವಳು ಮುದ್ದೆ ಬಡಿಸುವ ಕೈ ನಿಲ್ಲಿಸಿ ಕೇಳಿದಳು. "ಆ ಹೂವ ಅವನು ಕೊಟ್ನಾ, ನೀನು ಕೊಟ್ಯಾ?"

ಪಿಳ್ಳಣ್ಣ ಬಡಿಸೆಂದು ತಟ್ಟೆಯನ್ನು ಅವಳತ್ತ ಸರಿಸಿದ.

"ದೇವ್ರ ಬಾಯಿಗೆ ನಿನ್ ಮಾತು ತುರುಕ್ತೀಯಾ? ನಿಮ್ಮಪ್ಪ ಇದ್ದಿದ್ರೆ ಗುಡಿ ಹತ್ರ ಸೇರಿಸ್ತಿರ್ಲಿಲ್ಲ. ನಾಳೆ ಆ ಹುಡ್ಗ ಯಾವ್ದಾದ್ರೂ ಚಕ್ರದಡಿಗೆ ಹೋದ್ರೆ?"

"ಹೋಗ್ಲಿ," ಎಂದ ಪಿಳ್ಳಣ್ಣ.

ಅವಳು ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟು ಎದ್ದುಹೋದಳು. ಅವನು ತಾನೇ ಬಡಿಸಿಕೊಂಡು ಉಂಡ.

ಅಮಾವಾಸ್ಯೆ ಹತ್ತಿರವಾದ ಒಂದು ದಿನ ಶಶಿಕುಮಾರ್ ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಸೈಕಲ್ಲು ತಳ್ಳಿಕೊಂಡು ಬಂದ. ಮುಂದಿನ ಚಕ್ರ ಸೊಟ್ಟಗಾಗಿತ್ತು. ಅಂಗಿಯ ತೋಳು ಹರಿದು, ಮೊಣಕೈಯ ರಕ್ತಕ್ಕೆ ಮಣ್ಣು ಮೆತ್ತಿತ್ತು. ಬಿಂದಿಗೆ ಒಂದು ಬದಿ ಒಳಕ್ಕೆ ತಗ್ಗಾಗಿತ್ತು. ಅವನು ಕಟ್ಟೆಯ ಮೇಲೆ ಕುಸಿದು ಕೂತ.

"ಯಾವನೋ ಬೋಳಿಮಗ, ಹಿಂದ್ಲಿಂದ ಸವರ್ಕೊಂಡು ಹೋದ. ತಿರುಗಿ ನೋಡ್ಲಿಲ್ಲ ಕಣ್ರೀ! ಸತ್ನೋ ಇದಾನೋ ಅಂತಾನೂ ನೋಡ್ಲಿಲ್ಲ. ನೀಲಿ ಕಾರು. ಪೂಜಾರ್ರೇ, ನೀವು ಏನಾದ್ರೂ ಮಾಡ್ಲೇಬೇಕು. ಅವನ ಕೈಕಾಲು ಬಿದ್ದೋಗ್ಬೇಕು. ಮುನೇಶ್ವರಂಗೆ ಕುರಿ ಕೊಡ್ತೀನಿ."

ಈ ಗಳಿಗೆಯನ್ನು ಪಿಳ್ಳಣ್ಣ ಎಷ್ಟೋ ಸಲ ಮನಸ್ಸಿನಲ್ಲೇ ನಡೆಸಿ ನೋಡಿದ್ದ. ಪ್ರತಿ ಸಲವೂ ಕೊನೆಯಲ್ಲಿ ನಗು ಬರುತ್ತಿತ್ತು. ಈಗ ನಗು ಬರಲಿಲ್ಲ. ಆದರೆ ಸಿಟ್ಟು ಮಾತ್ರ ಒಂದು ಚೂರೂ ಕರಗದೆ ಹಾಗೇ ಇತ್ತು.

"ಕೆಂಪು ದೀಪ ಹತ್ತಿತಾ?" ಎಂದು ಕೇಳಿದ.

"ಏನು?"

"ಆ ನೀಲಿ ಕಾರಿಂದು. ಹಿಂದುಗಡೆ ದೀಪ ಒಂದ್ಸಲ ಹತ್ತಿ ಆರಿತಾ?"

"ಇಲ್ಲ. ಹಂಗೇ ಹೋದ."

"ನಿಮ್ದು ಹತ್ತಿತ್ತು."

ಪಿಳ್ಳಣ್ಣ ಎಡಗೈಯನ್ನು ಶಶಿಕುಮಾರನ ಮುಖದ ಮುಂದೆ ಚಾಚಿದ. ಮಣಿಕಟ್ಟಿನ ಹತ್ತಿರ ಮೂಳೆ ಗಂಟಿನ ಹಾಗೆ ಎದ್ದಿತ್ತು.

"ನಾನು… ಮಂಜಿತ್ತು ಪೂಜಾರ್ರೇ. ನಾಯಿ ಅಂದ್ಕೊಂಡೆ."

"ಬಿಂದಿಗೆ ಕಟ್ಕೊಂಡು ಸೈಕಲ್ ತುಳಿಯೋ ನಾಯೀನಾ ಸ್ವಾಮಿ?"

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅದರ ಧೂಳು ಇಬ್ಬರ ಮೇಲೂ ಇಳಿಯಿತು.

"ಹಂಗಾದ್ರೆ ಆ ಹೂವು…" ಎಂದ ಶಶಿಕುಮಾರ್.

"ನಾನೇ ಕೊಟ್ಟೆ."

"ದೇವ್ರ ಹೆಸ್ರಲ್ಲಿ ನನ್ನ ಈ ರೋಡಲ್ಲಿ ಸಾಯಿಸಕ್ಕೆ ನೋಡಿದ್ಯಾ?" ಅವನು ಎದ್ದು ನಿಂತ. "ಊರ್ಗೆಲ್ಲ ಹೇಳ್ತೀನಿ. ಇನ್ಮೇಲೆ ನಿನ್ ಗುಡಿ ಮೆಟ್ಲು ಯಾರೂ ಹತ್ತಬಾರ್ದು, ಹಂಗ್ಮಾಡ್ತೀನಿ."

"ಹೇಳಿ. ಯಾಕೆ ಹಂಗ್ಮಾಡ್ದ ಅಂತ ಕೇಳ್ತಾರಲ್ಲ, ಅದನ್ನೂ ಹೇಳಿ. ಮೊದ್ಲು ನಿಮ್ಮ ತಾಯೀಗೆ ಹೇಳಿ."

ಶಶಿಕುಮಾರ್ ಬಗ್ಗಿ ಬಿಂದಿಗೆ ಎತ್ತಿಕೊಂಡ. ತಳದಲ್ಲಿ ಒಂದೆರಡು ಬೊಗಸೆ ನೀರು ಉಳಿದಿತ್ತು. ಒಳಗೆ ಹೋಗಿ ಅದನ್ನು ಕಲ್ಲಿನ ಮೇಲೆ ಸುರಿದ. ಹೊರಗೆ ಬಂದು ಸೊಟ್ಟ ಚಕ್ರವನ್ನು ತೊಡೆಗಳ ನಡುವೆ ಇಟ್ಟು, ನೋವಿಗೆ ಹಲ್ಲು ಕಚ್ಚಿ ತಿರುಚಿದ. ಪೂರ್ತಿ ನೆಟ್ಟಗಾಗಲಿಲ್ಲ. ಹಾಗೆಯೇ ಹತ್ತಿ ದೊಡ್ಡಬಳ್ಳಾಪುರದ ಕಡೆಗೆ ಹೊರಟ. ಸೈಕಲ್ಲು ರಸ್ತೆಯ ಅಂಚಿನಲ್ಲಿ ಅತ್ತ ಇತ್ತ ಓಲಾಡುತ್ತಿತ್ತು.

ತೂಬಗೆರೆಯ ದಿಕ್ಕಿನಿಂದ ಜಲ್ಲಿಯ ಟಿಪ್ಪರೊಂದು ಬರುವ ಸದ್ದಾಯಿತು. ತಿರುವಿನಿಂದಲೇ ಹಾರನ್ ಶುರುವಾಗಿತ್ತು.

ಪಿಳ್ಳಣ್ಣ ಕಟ್ಟೆ ಇಳಿದು ರಸ್ತೆಯ ನಡುವೆ ಹೋಗಿ ನಿಂತ.

ಟಿಪ್ಪರು ಕಿರುಚಿಕೊಂಡು, ಅವನಿಂದ ಒಂದು ಮಾರು ದೂರದಲ್ಲಿ ನಿಂತಿತು. "ಏನ್ ಪೂಜಾರಪ್ಪ, ಸಾಯ್ಬೇಕು ಅಂತಿದ್ದೀಯಾ?" ಎಂದು ಡ್ರೈವರು ತಲೆ ಹೊರಹಾಕಿದ. ಪಿಳ್ಳಣ್ಣ ಜಾಗ ಬಿಟ್ಟು ಕದಲದಿದ್ದಾಗ ಅವನ ದನಿ ಇಳಿಯಿತು. "ಮಂಗಳಾರತಿನಾ? ತಗೋ ಮತ್ತೆ." ಒಂದು ನಾಣ್ಯ ಚಾಚಿದ. ಪಿಳ್ಳಣ್ಣ ಅದರತ್ತ ನೋಡದೆ ಸೈಕಲ್ಲು ಹೋದ ಕಡೆಗೆ ತಿರುಗಿದ. ಟಿಪ್ಪರಿನ ಹಿಂದೆ ಒಂದು ಕಾರು ಬಂದು ನಿಂತಿತು, ಅದರ ಹಿಂದೆ ಬಸ್ಸು, ಮತ್ತೆರಡು ಕಾರು. ಹಾರನ್ನುಗಳು ಒಂದರ ಮೇಲೊಂದು ಏರಿದವು. ಯಾರೋ ಇಳಿದು ಬಂದು ಬೈಯತೊಡಗಿದರು.

ದೂರದ ಏರಿನಲ್ಲಿ ಹರಿದ ಅಂಗಿಯವನು ಸೈಕಲ್ಲಿನಿಂದ ಇಳಿದ, ನಾಲ್ಕು ಹೆಜ್ಜೆ ತಳ್ಳಿದ, ಮತ್ತೆ ಹತ್ತಿದ. ತುದಿಯಲ್ಲಿ ಒಂದು ಸಲ ವಾಲಿ, ಸಾವರಿಸಿಕೊಂಡು, ಆ ಬದಿಗೆ ಇಳಿದು ಮರೆಯಾದ.

ಖಾಲಿ ರಸ್ತೆಯನ್ನು ನೋಡುತ್ತ ಪಿಳ್ಳಣ್ಣ ಇನ್ನೂ ಅಲ್ಲಿಯೇ ನಿಂತಿದ್ದ.